ಹಿಪ್ಪರಗಿ ಹೊಳೆಯ ಆಚೆ ದಂಡೆಯ ಮಗ್ಗಗಳು

ಬನಹಟ್ಟಿ ಪೊಲೀಸ್ ಠಾಣೆ, ತಾಲೂಕು ಜಮಖಂಡಿ, ಜಿಲ್ಲಾ ವಿಜಾಪುರ, ಮುಂಬಯಿ ರಾಜ್ಯ
ತಾರೀಖು 11-8-1954, ಬುಧವಾರ

ನನ್ನ ಹೆಸರು ಕಾಶಪ್ಪ, ತಂದೆಯ ಹೆಸರು ಮಲ್ಲಪ್ಪ, ಅಡ್ಡಹೆಸರು ಸಸಾಲಟ್ಟಿ. ವಯಸ್ಸು 47. ಜಾತಿಯಿಂದಲೂ ಕಸುಬಿನಿಂದಲೂ ನೇಕಾರ. ಸದ್ಯದ ಉದ್ಯೋಗ ನೇಕಾರರ ಸಹಕಾರಿ ಸಂಘವೊಂದರಲ್ಲಿ ಮ್ಯಾನೇಜರ. ವಾಸ ರಬಕವಿ. ಇಂದು ಠಾಣೆಗೆ ನಾನಾಗಿಯೇ ಬಂದು ಫೌಜದಾರ ಸಾಹೇಬರ ಎದುರಿನಲ್ಲಿ ಬರೆಯಿಸುವ ಜಬಾಬು ಏನೆಂದರೆ,

ಕಳೆದ ಜೂನ್ ತಿಂಗಳಲ್ಲಿ ಸರಕಾರದ 'ದುಡಿದು ಕಲಿ' ಯೋಜನೆ ನಮ್ಮ ಸಂಘಕ್ಕೆ ಮಂಜೂರಾಯಿತು. ಕಾಲೇಜು ಕಲಿಯುವವರನ್ನು ಸಂಘದವರು ಮಧ್ಯಾಹ್ನ ಮೂರು ತಾಸು ಕೆಲಸಕ್ಕೆ ಇಟ್ಟುಕೊಳ್ಳಬೇಕು. ಅವರ ಪಗಾರದಲ್ಲಿ ಅರ್ಧ ಸರಕಾರದ್ದು, ಅರ್ಧ ಸಂಘದ್ದು. ಕೆಲಸ ಅವರ ಓದಿಗೆ ಹೊಂದುವಂತಿರಬೇಕು. ಅವರಿಂದ ಕಸ ಹೊಡೆಸಬಾರದು, ನೀರು ಹೊರಿಸಬಾರದು. ಪರೀಕ್ಷೆಯ ಕಾಲಕ್ಕೂ ರವಿವಾರವೂ ಕರೆಯಬಾರದು. ಸಂಘದ ಒಬ್ಬ ಜವಾಬ್ದಾರ ಮನುಷ್ಯ ಅವರ ಮೇಲೆ ಕಣ್ಣಿಟ್ಟಿರಬೇಕು. ಚೇರಮನ್ನರು ಆ ಕೆಲಸವನ್ನು ನನಗೆ ಒಪ್ಪಿಸಿದರು. ನಾನು ಓದಿದ್ದು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯ ತನಕ. ಕಾಲೇಜಿನವರಿಂದ ಕೆಲಸ ತೆಗೆಯುವುದು ನನಗೆ ಹೊಸದಾಗಿತ್ತು.

ಜೂನ್ 27ರಂದು ಕೆಲಸ ಬೇಡಿ ಹನ್ನೊಂದು ಜನ ಬಂದರು. ಇವರಿಗೆ ಏನು ಕೇಳಬೇಕೆಂದು ನನಗೆ ತಿಳಿಯಲಿಲ್ಲ. ಗಂಟುಗಂಟಾದ ನೂಲಿನ ಲಡಿಗಳನ್ನು ತರಿಸಿ ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟು, ಬಿಡಿಸಿರಿ ಎಂದು ಹೇಳಿ ಊಟಕ್ಕೆ ಹೋದೆ. ತಿರುಗಿ ಬಂದಾಗ ಕೆಲವರು ಲಡಿಯನ್ನು ಕತ್ತರಿಸಿದ್ದರು, ಕೆಲವರು ಅಲ್ಲಿಯೇ ಇಟ್ಟು ಹೊರಟುಹೋಗಿದ್ದರು. ಬನಹಟ್ಟಿಯ ಇಬ್ಬರು ನೇಕಾರರ ಹುಡುಗರು ಬಿಡಿಸಿ ಮುಗಿಸಿದ್ದರು. ಜಮಖಂಡಿಯಿಂದ ತಾಯಿಯನ್ನು ಕರೆದುಕೊಂಡು ಬಂದಿದ್ದ ಅಲಕಾ ಎಂಬ ಹುಡುಗಿ ಇನ್ನೂ ಬಿಡಿಸುತ್ತ ಕೂತಿದ್ದಳು. ಅವಳಿಗೆ ನೂಲಿನ ರೂಢಿ ಇರಲಿಲ್ಲ, ಆದರೆ ಒಂದು ಎಳೆಯನ್ನೂ ಹರಿದಿರಲಿಲ್ಲ. ಈ ಮೂವರನ್ನು ಇಟ್ಟುಕೊಂಡೆನು.

ಸದರ ಅಲಕಾಳ ವಯಸ್ಸು 19. ತಂದೆ ರಘುನಾಥ ಪುರಾಣಿಕರು ಸಂಸ್ಥಾನದ ಕಾಲಕ್ಕೆ ಜಮಖಂಡಿಯಲ್ಲಿ ಕಾರಕೂನರಾಗಿದ್ದು, ತೀರಿಕೊಂಡು ಬಹಳ ವರ್ಷಗಳಾಗಿವೆ. ಅಣ್ಣತಮ್ಮಂದಿರು ಯಾರೂ ಇಲ್ಲ. ತಾಯಿ ಇಂದಿರಾಬಾಯಿಯವರು ಆ ದಿನ ನನಗೆ ಎರಡು ಮಾತು ಕೇಳಿದರು: ಮಗಳು ಯಾರ ನಡುವೆ ಕೂಡುತ್ತಾಳೆ, ಸಂಜೆ ಅವಳನ್ನು ಬಸ್ಸಿಗೆ ಯಾರು ಹತ್ತಿಸುತ್ತಾರೆ. ನೂಲನ್ನು ಕಂಡಿಕೆಗೆ ಸುತ್ತುವ ಹೆಂಗಸರ ಪಕ್ಕದ ಕೋಣೆಯಲ್ಲಿ ಅವಳ ಜಾಗ, ಬಸ್ಸಿಗೆ ನಾನೇ ಹತ್ತಿಸುತ್ತೇನೆ ಎಂದು ಹೇಳಿದೆನು. ಹುಡುಗಿಯ ಕೊರಳಲ್ಲಿ ತಾಳಿ ಇತ್ತು. ಅಳಿಯ ಪುಣೆಯಲ್ಲಿ ಇರುತ್ತಾರೆ ಎಂದಷ್ಟೇ ತಾಯಿ ಹೇಳಿದರು. ಅದು ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದಲ್ಲವಾದ್ದರಿಂದ ನಾನು ಮುಂದೆ ಕೇಳಲಿಲ್ಲ.

ಜುಲೈ 1ರಿಂದ ಮೂವರೂ ಕೆಲಸಕ್ಕೆ ಬಂದರು. ಹುಡುಗರಿಬ್ಬರು ಬಣ್ಣದ ಮನೆಯಲ್ಲಿ ಬಣ್ಣ ತೂಗುವುದು, ಕುದಿಯುವ ಹಂಡೆಯ ಕಾವು ನೋಡುವುದು ಮಾಡುತ್ತಿದ್ದರು. ಅಲಕಾಳಿಗೆ ಸೀರೆಯ ಅಂಚಿನ ದಡಿಯ ನಕ್ಷೆಯನ್ನು ಚೌಕದ ಕಾಗದದ ಮೇಲೆ ತೆಗೆಯುವ ಕೆಲಸ ಕೊಟ್ಟೆನು. ನಮ್ಮ ಕಡೆಯ ದಡಿಗಳೆಲ್ಲ ಮುದುಕರ ತಲೆಯಲ್ಲಿದ್ದವು. ಅವಳು ಅವರ ಮಗ್ಗದ ಪಕ್ಕದಲ್ಲಿ ಕೂತು ಎಳೆ ಎಣಿಸಿ ಕಾಗದಕ್ಕೆ ಇಳಿಸುತ್ತಿದ್ದಳು. ಮೊದಲು ಮುದುಕರು ನಕ್ಕರು. ಆಮೇಲೆ ಅವಳು ಬರುವುದು ತಡವಾದರೆ, ಜಮಖಂಡಿ ಬಸ್ಸು ಕೆಟ್ಟಿತೇನು ಎಂದು ನನ್ನನ್ನು ಕೇಳತೊಡಗಿದರು.

ಜುಲೈ 20ರ ಮಂಗಳವಾರ ಬೆಳಗಿನ ಹತ್ತೂವರೆಯ ಸುಮಾರಿಗೆ ಒಬ್ಬ ಗೃಹಸ್ಥರು ಸಂಘಕ್ಕೆ ಬಂದರು. ಐವತ್ತರ ಆಸುಪಾಸಿನ ವಯಸ್ಸು. ಬಿಳಿ ಕೋಟು, ಕರೀ ಟೊಪ್ಪಿಗೆ, ಕೈಯಲ್ಲಿ ಛತ್ರಿ. ಹೆಸರು ಗೋಪಾಲರಾವ ಎಂದೂ, ವಿಜಾಪುರದಿಂದ ಯೋಜನೆಯ ತಪಾಸಣೆಗೆ ಬಂದಿರುವುದಾಗಿಯೂ ಹೇಳಿದರು. ಸರಕಾರ ಅರ್ಧ ಪಗಾರ ಕೊಡುವಾಗ ಸರಕಾರದವರು ಬಂದು ನೋಡುವುದು ಸಹಜವೆಂದು ನಾನು ಕುರ್ಚಿ ಹಾಕಿಸಿ ಚಹಾ ತರಿಸಿದೆನು. ವಿದ್ಯಾರ್ಥಿಗಳು ಮೂರು ಗಂಟೆಗೆ ಬರುತ್ತಾರೆ, ಅಲ್ಲಿಯವರೆಗೆ ಇದ್ದು ನೋಡಿಕೊಂಡು ಹೋಗಬೇಕೆಂದು ವಿನಂತಿಸಿದೆನು. ಅವರು ತಮಗೆ ಸಮಯವಿಲ್ಲವೆಂದರು. ಬಣ್ಣದ ಮನೆಯ ಹುಡುಗರ ಹೆಸರನ್ನು ಕೂಡ ಅವರು ಕೇಳಲಿಲ್ಲ. ಹೆಣ್ಣುಮಗಳೊಬ್ಬಳು ಇದ್ದಾಳಂತಲ್ಲ ಎಂದು ಶುರುಮಾಡಿ, ಅವಳು ಯಾವ ಬಸ್ಸಿಗೆ ಬರುತ್ತಾಳೆ, ಯಾವ ಬಸ್ಸಿಗೆ ಹೋಗುತ್ತಾಳೆ, ಜೊತೆಗೆ ಯಾರು ಇರುತ್ತಾರೆ, ಕೆಲಸದ ಸಲುವಾಗಿ ಊರ ಹೊರಗೆ ಕಳಿಸುತ್ತೀರೋ ಇಲ್ಲವೋ ಎಂದು ಕೇಳಿದರು. ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆನು. ಊರ ಹೊರಗೆ ಕಳಿಸುವುದಿಲ್ಲ ಎಂದೆನು. ಅವರು, ಕಳಿಸಿದರೂ ಅಡ್ಡಿಯಿಲ್ಲ, ಹೊರಗಿನ ಅನುಭವವೂ ಬೇಕು ಎಂದರು.

ಜುಲೈ 29ರ ಗುರುವಾರ ಅದೇ ಹೊತ್ತಿಗೆ ಮತ್ತೆ ಬಂದರು. ಯೋಜನೆಯ ವಿದ್ಯಾರ್ಥಿಗಳಿಗೆ ಆಟಪಾಟದ ಸೌಲಭ್ಯ ಕೊಡುವ ವಿಚಾರ ಇದೆ ಎಂದು ಹೇಳಿ, ಅಲಕಾಳಿಗೆ ಓಡಲು ಬರುತ್ತದೆಯೇ, ಈಸು ಬರುತ್ತದೆಯೇ ಎಂದು ಕೇಳಿದರು. ಪೇಟೆಯ ಬ್ರಾಹ್ಮಣರ ಮನೆಯ ಹುಡುಗಿ, ಈಸು ಕಲಿಯಲು ಯಾವ ಬಾವಿಗೆ ಹೋದಾಳು ಎಂದು ನಾನು ನಕ್ಕೆನು. ಅವರು ನಗಲಿಲ್ಲ. ಹುಡುಗರಿಗೆ ಈಸು ಬರುವ ವಿಷಯ ನಾನೇ ಹೇಳಹೋದಾಗ, ಇರಲಿ ಎಂದು ಛತ್ರಿ ತೆಗೆದುಕೊಂಡು ಎದ್ದರು. ಆ ದಿನ ಅವರು ಹೋದ ಮೇಲೆ ನಾನು ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತೆನು. ಕರೀ ಬಣ್ಣದ ಮೋಟಾರನ್ನು ಅವರು ಸಂಘದ ಮುಂದೆ ತರದೆ ಟಪಾಲು ಕಚೇರಿಯ ಆಚೆಗೆ ನಿಲ್ಲಿಸಿ ನಡೆದು ಬಂದಿದ್ದರು.

ಆಗಸ್ಟ್ 5ರ ಗುರುವಾರ ಪಂಚಮಿಯ ರಜೆಯಿಂದಾಗಿ ಮಗ್ಗಗಳು ಇನ್ನೂ ಶುರುವಾಗಿರಲಿಲ್ಲ. ಕಾಲೇಜಿಗೂ ರಜೆ. ಅರ್ಧ ಉಳಿದಿದ್ದ ಒಂದು ನಕ್ಷೆಯನ್ನು ಮುಗಿಸುತ್ತೇನೆಂದು ಅಲಕಾ ಬೆಳಗಿನ ಬಸ್ಸಿಗೇ ಬಂದು ಒಳಗಿನ ಕೋಣೆಯಲ್ಲಿ ಕೂತಿದ್ದಳು. ಆಕೆ ಬಂದಿರುವುದು ಗೋಪಾಲರಾವರಿಗೆ ಗೊತ್ತಿರಲಿಲ್ಲವೆಂದು ನನಗೆ ಈಗ ಅನಿಸುತ್ತದೆ. ಅವರು ಹತ್ತು ಗಂಟೆಗೆ ಬಂದು ಕಟ್ಟೆಯ ಮೇಲೆ ಕೂತರು. ಅಲ್ಲಿ ನಡೆದ ಮಾತನ್ನು ನೆನಪಿದ್ದಂತೆ ಆಡಿದ ಹಾಗೆಯೇ ಬರೆಯಿಸುತ್ತೇನೆ.

"ಬರೋ ರವಿವಾರ ಆ ಹುಡುಗಿನ್ನ ಹಿಪ್ಪರಗಿಗೆ ಕಳಿಸ್ರಿ. ಹೊಳಿ ಆಚೆ ದಂಡಿ ಮ್ಯಾಲೆ ಮಗ್ಗ ಎಷ್ಟವ ಎಣಿಸಿಕೊಂಡು ಬರಲಿ," ಎಂದರು.

"ಅಲ್ಲಿ ಮಗ್ಗ ಇಲ್ರಿ ಸಾಹೇಬ್ರ. ಜ್ವಾಳದ ಹೊಲಾ ಬಿಟ್ರ ಏನೂ ಇಲ್ಲ," ಎಂದೆನು.

"ಇಲ್ಲಂದ್ರ ಇಲ್ಲಂತ ಬರಕೊಂಡು ಬರಲಿ. ಸರಕಾರಕ್ಕ ಸೊನ್ನಿನೂ ಬೇಕಾಗ್ತದ."

"ಆಚಿ ದಂಡಿ ಬೆಳಗಾವಿ ಜಿಲ್ಲಾದಾಗ ಬರ್ತೈತಲ್ರಿ. ನಮಗ್ಯಾಕ ಅದು?"

"ಹೊಳಿಗೆ ಯಾವ ಜಿಲ್ಲಾ, ಕಾಶಪ್ಪಾ?" ಎಂದು ಅವರು ಹೇಳಿದರು.

ರವಿವಾರ ವಿದ್ಯಾರ್ಥಿಗಳನ್ನು ಕರೆಯಬಾರದೆಂಬ ನಿಯಮವನ್ನು ನಾನು ನೆನಪಿಸಿದೆನು. ಅದು ಹೊರಗಿನ ಕೆಲಸಕ್ಕೆ ಅನ್ವಯಿಸುವುದಿಲ್ಲ ಎಂದರು. ಬರಹದಲ್ಲಿ ಲೇಖಿ ಹುಕುಂ ಕೇಳಿದೆನು. ಹಿಂದಿನಿಂದ ಬರುತ್ತದೆ ಎಂದರು. ಹುಡುಗರನ್ನೂ ಕಳಿಸಲೇ ಎಂದೆನು. ಒಬ್ಬ ವಿದ್ಯಾರ್ಥಿಗೆ ಒಂದು ಊರು, ಜೊತೆಗೆ ಯಾರೂ ಬೇಡ, ದೋಣಿಯ ವ್ಯವಸ್ಥೆ ಆಗಿದೆ, ಹನ್ನೊಂದೂವರೆಗೆ ತಾವೇ ಹೊಳೆಯ ದಂಡೆಯಲ್ಲಿ ನಿಂತಿರುತ್ತೇವೆ ಎಂದು ಹೇಳಿ ಹೊರಟರು.

ನಾನು ಒಳಗೆ ಹೋದಾಗ ಅಲಕಾ ತನ್ನ ಜಾಗದಲ್ಲಿ ಇರಲಿಲ್ಲ. ಉದ್ದೆಳೆಯ ಹಾಸು ಸುತ್ತಿದ ದೊಡ್ಡ ಉರುಳೆಯ ಹಿಂದೆ, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಮೈ ಸರಿಯಿಲ್ಲವೇ ಎಂದು ಕೇಳಿದೆನು. ಹೊರಗೆ ಮಾತಾಡಿದವರು ಹೋದರೇ ಎಂದು ಅವಳು ಕೇಳಿದಳು. ಹೋದರೆಂದು ಹೇಳಿದ ಮೇಲೆಯೂ ಬಹಳ ಹೊತ್ತು ಹೊರಗೆ ಬರಲಿಲ್ಲ. ಕಂಡಿಕೆ ಸುತ್ತುವ ಮುತ್ತವ್ವ ನೀರು ಕೊಟ್ಟಳು. ಆಮೇಲೆ ಅವಳು ನನಗೆ ತಿಳಿಸಿದ್ದೇನೆಂದರೆ, ಮಗ್ಗದ ಸದ್ದಿಲ್ಲದ್ದರಿಂದ ಹೊರಗಿನ ಮಾತೆಲ್ಲ ತನಗೆ ಕೇಳಿತು. ಆ ದನಿ ತನ್ನ ಗಂಡನ ಸೋದರಮಾವ ವಾಸುದೇವರಾವರದು. ತನ್ನ ಮದುವೆಯಲ್ಲಿ ಮಂಗಳಾಷ್ಟಕವನ್ನು ಅವರೇ ಹೇಳಿದ್ದರು. ಆಗ ತನಗೆ ಹನ್ನೊಂದು ವರ್ಷ. ಅಂತರಪಟದ ಆಚೆ ಏನು ನಡೆದಿದೆ ಎಂದು ಕಾಣದೆ ಆ ದನಿಯನ್ನೇ ಕೇಳುತ್ತ ನಿಂತಿದ್ದೆ, ಅದು ಮರೆಯುವ ದನಿಯಲ್ಲ, ಎಂದಳು.

ಅವಳ ಮದುವೆಯ ಸಂಗತಿ ನನಗೆ ತಿಳಿದದ್ದು ಆ ದಿನ. ತಂದೆ ಕ್ಷಯದಿಂದ ಮಲಗಿದ್ದರು. ಕಣ್ಣು ಮುಚ್ಚುವ ಮೊದಲು ಮಗಳ ಲಗ್ನ ನೋಡಬೇಕೆಂದು, ಮುಧೋಳದ ತ್ರಿಂಬಕರಾವ ಎಂಬ ಜಮೀನುದಾರರ ಮಗ ದತ್ತಾತ್ರೇಯನಿಗೆ ಕೊಟ್ಟರು. ದೊಡ್ಡವಳಾದ ಮೇಲೆ ಕರೆದೊಯ್ಯುತ್ತೇವೆ ಎಂದು ಹೋದವರು ತಿರುಗಿ ಬರಲಿಲ್ಲ. ಹುಡುಗ ಪುಣೆಯಲ್ಲಿ ಓದಿ ದೊಡ್ಡ ಹುದ್ದೆಗೆ ಸೇರಿದ. ಈಗ ಅಲ್ಲಿಯದೇ ಒಂದು ದೊಡ್ಡ ಮನೆತನದ ಕನ್ಯೆಯನ್ನು ಅವನಿಗೆ ನೋಡಿದ್ದಾರೆ.

"ಕಾಯದೆ ಬಂದದಲ್ಲರೀ. ನಾ ಇರೋತನಾ ಅವರಿಗೆ ಇನ್ನೊಂದು ಲಗ್ನಾ ಮಾಡಿಕೊಳ್ಳಿಕ್ಕೆ ಬರೂದಿಲ್ಲ," ಎಂದು ಅಲಕಾ ಹೇಳಿದಳು. ಪಾಠ ಒಪ್ಪಿಸುವಂತೆ ಹೇಳಿದಳು.

ಮರುದಿನ ಶುಕ್ರವಾರ ನಾನು ಜಮಖಂಡಿಗೆ ಹೋದೆನು. ಕಾಲೇಜಿನ ಪ್ರಿನ್ಸಿಪಾಲರನ್ನು ಕಂಡು ವಿಚಾರಿಸಲಾಗಿ, ಯೋಜನೆಯ ತಪಾಸಣೆಗೆ ಸರಕಾರದಿಂದ ಇನ್ನೂ ಯಾರೂ ಬಂದಿಲ್ಲ, ದೀಪಾವಳಿ ಆದ ಮೇಲೆ ಬರುತ್ತಾರೆಂದು ತಿಳಿಯಿತು. ಗೋಪಾಲರಾವ ಎಂಬ ಅಧಿಕಾರಿಯ ಹೆಸರನ್ನು ಅವರು ಕೇಳಿಯೇ ಇರಲಿಲ್ಲ. ಅಲ್ಲಿಂದ ಇಂದಿರಾಬಾಯಿಯವರ ಮನೆಗೆ ಹೋದೆನು. ಅವರು ಹೇಳಿದ್ದೇನೆಂದರೆ, ಈ ವರ್ಷದ ಯುಗಾದಿಗೆ ಮೊದಲು ಮುಧೋಳದಿಂದ ವಾಸುದೇವರಾವ ಬಂದಿದ್ದರು. ಗಂಡನನ್ನು ತಾನೇ ಬಿಟ್ಟಿರುವುದಾಗಿ ಹುಡುಗಿ ಕೋರ್ಟಿನಲ್ಲಿ ಹೇಳಬೇಕೆಂದು ಕೇಳಿದರು. ಮಗಳು, ನಾನು ಯಾರನ್ನೂ ಬಿಟ್ಟಿಲ್ಲ, ಸುಳ್ಳು ಹೇಳುವುದಿಲ್ಲ ಎಂದು ಒಳಗಿನಿಂದಲೇ ಹೇಳಿ ಕಳಿಸಿದಳು. ಅದನ್ನು ಕೇಳಿ ವಾಸುದೇವರಾವ ಸಿಟ್ಟಾಗಲಿಲ್ಲ. ಹುಡುಗಿ ಹುಷಾರಿದ್ದಾಳೆ, ಚೆನ್ನಾಗಿ ಓದಲಿ ಎಂದು ಹೇಳಿ, ಕೈಕಾಲು ತೊಳೆದು ಊಟ ಮಾಡಿ ಹೋದರು.

ಅಲಕಾಳನ್ನು ರವಿವಾರ ಮನೆಯಲ್ಲಿಯೇ ಇಟ್ಟುಕೊಳ್ಳಲು ನಾನು ಹೇಳಿದೆನು. ನಾನೊಬ್ಬನೇ ಹೊಳೆಗೆ ಹೋಗಿ ಅವರನ್ನು ಕೇಳುತ್ತೇನೆ ಎಂದೆನು. ತಾಯಿ ಒಪ್ಪಿದರು. ಮಗಳು ಒಪ್ಪಲಿಲ್ಲ.

"ನಾ ಬರದಿದ್ರ ಅವರು ನಿಮಗ ಮುಖಾ ತೋರಸೂದಿಲ್ರಿ," ಎಂದಳು. "ಮತ್ತೊಂದು ದಿನಾ ಮತ್ತೊಂದು ಕಡೆ ಬರ್ತಾರ. ಆವಾಗ ದನಿ ಕೇಳಿಸ್ತದೋ ಇಲ್ಲೋ."

ತಾಯಿ ಬಹಳ ಅತ್ತರು. ಕೊನೆಗೆ ನನ್ನ ಹೆಂಡತಿ ಸತ್ಯವ್ವ ಹುಡುಗಿಯ ಕೈ ಬಿಡದೆ ಜೊತೆಗಿರಬೇಕೆಂಬ ಮಾತಿನ ಮೇಲೆ ಒಪ್ಪಿಗೆಯಾಯಿತು. ಅಲಕಾ ಶನಿವಾರ ಸಂಜೆ ನಮ್ಮ ಮನೆಗೆ ಬಂದು ಉಳಿದಳು.

ಆಗಸ್ಟ್ 8ರ ರವಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಾನು, ಸತ್ಯವ್ವ, ಅಲಕಾ ಮತ್ತು ಸಂಘದ ಹಾಸು ಹೂಡುವ ಯಮನಪ್ಪ ನಾಲ್ವರೂ ಚಕ್ಕಡಿಯಲ್ಲಿ ರಬಕವಿ ಬಿಟ್ಟೆವು. ಯಮನಪ್ಪ ಗರಡಿಯ ಮನುಷ್ಯ, ಮೈಯಲ್ಲಿ ಶಕ್ತಿ ಇದ್ದವನು. ರಸ್ತೆ ಕೆಸರಾಗಿದ್ದು ಎತ್ತುಗಳು ನಿಧಾನಕ್ಕೆ ನಡೆದವು. ಅರ್ಧ ದಾರಿಯಲ್ಲಿ, ಸರಿಯಾಗಿ ಹತ್ತು ಗಂಟೆಗೆ, ಒಂದು ಬಾವಿಯ ಹತ್ತಿರ ಎತ್ತಿಗೆ ನೀರು ಕುಡಿಸಿದೆವು. ತಡವಾದೀತೇನೋ ಎಂದು ನಾನು ಅಲ್ಲಿ ಕಿಸೆಯಿಂದ ಸಂಘದ ಗಡಿಯಾರ ತೆಗೆದು ನೋಡಿದ್ದರಿಂದ ಸಮಯ ನೆನಪಿದೆ. ಸತ್ಯವ್ವ ಬುತ್ತಿ ಬಿಚ್ಚಿದಳು. ಅಲಕಾ ಶ್ರಾವಣದ ರವಿವಾರದ ನೇಮವೆಂದು ರೊಟ್ಟಿ ಬೇಡವೆಂದು ಎರಡು ಬಾಳೆಹಣ್ಣು ತಿಂದಳು. ಅವಳು ಚೌಕದ ಕಾಗದವನ್ನೂ ಸೀಸದಕಡ್ಡಿಯನ್ನೂ ತಂದಿದ್ದಳು. ಅದೇಕೆ ಎಂದು ಸತ್ಯವ್ವ ಕೇಳಿದಾಗ, ಮಗ್ಗ ಎಣಿಸಲು ಹೇಳಿದ್ದಾರಲ್ಲ ಎಂದಳು.

ಹನ್ನೊಂದೂವರೆಗೆ ಐದು ನಿಮಿಷ ಇರುವಾಗ ಹಿಪ್ಪರಗಿಯ ಹೊಳೆಯ ದಂಡೆ ಮುಟ್ಟಿದೆವು. ಮೇಲಿನ ಸೀಮೆಯಲ್ಲಿ ಮಳೆಯಾಗಿ ಕೃಷ್ಣೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಆಚೆ ದಂಡೆಯ ಜಾಲಿಗಿಡಗಳು ನಡುಮಟ್ಟ ನೀರಿನಲ್ಲಿದ್ದವು. ದಾಟಿಸುವ ದೊಡ್ಡ ದೋಣಿಯನ್ನು ಮೇಲೆ ಎಳೆದು ಕಟ್ಟಿದ್ದರು. ಕೆಳಗೆ ನೀರಿನಲ್ಲಿ ಒಂದು ಸಣ್ಣ ದೋಣಿ ಮಾತ್ರ ಇದ್ದು, ಅದರ ಹತ್ತಿರ ಇಬ್ಬರು ಅಪರಿಚಿತರು ಹುಟ್ಟು ಹಿಡಿದು ನಿಂತಿದ್ದರು. ಗೋಪಾಲರಾವ ಎಂದು ಹೇಳಿಕೊಂಡವರು ಮೇಲಿನ ಹುಣಸೆಮರದ ಕೆಳಗೆ ಮೋಟಾರಿನ ಹತ್ತಿರ ಇದ್ದರು.

ಅಲ್ಲಿ ಬಟ್ಟೆ ಒಗೆಯುತ್ತಿದ್ದ ಅಂಬಿಗರ ಬೋರವ್ವನನ್ನು ನಾನು ದೋಣಿಯ ಬಗ್ಗೆ ಕೇಳಿದೆನು.

"ನಾಕ ದಿನಾ ಆತ್ರಿ ನಾವು ದಾಟ್ಸೂದ ಬಂದ್ ಮಾಡಿ. ಇದು ನಮ್ಮದಲ್ರಿ," ಎಂದಳು. "ನಿನ್ನಿ ಈ ಇಬ್ರು ತಂದು ಕಟ್ಯಾರ. ಇಂಥಾ ಹೊಳ್ಯಾಗ ಯಾರ ಹೊಂಟಾರ? ಈ ಕೂಸ?"

ಹೌದೆಂದೆನು. ಅವಳು ಒಗೆಯುವುದನ್ನು ನಿಲ್ಲಿಸಿ, ದನಿ ತಗ್ಗಿಸಿ, "ಅವರ ನಡಾ ನೋಡ್ರಿ," ಎಂದಳು.

ನೋಡಿದೆನು. ಇಬ್ಬರೂ ಅಂಗಿಯ ಕೆಳಗೆ ನಡುವಿಗೆ ಒಣ ಸೋರೆಬುರುಡೆ ಕಟ್ಟಿಕೊಂಡಿದ್ದರು. ನಮ್ಮ ಹೊಳೆಯಲ್ಲಿ ಈಸುವವರು ಮುಳುಗದಂತೆ ಕಟ್ಟಿಕೊಳ್ಳುವ ಬುರುಡೆ ಅವು. ದೋಣಿಯಲ್ಲಿ ಕೂಡುವವರಿಗೆಂದು ಅಲ್ಲಿ ಒಂದೂ ಇರಲಿಲ್ಲ.

ಅಷ್ಟರಲ್ಲಿ ಆ ಗೃಹಸ್ಥರು ಇಳಿದು ಬಂದರು. ನಮ್ಮ ನಾಲ್ವರನ್ನು ನೋಡಿ, ಇಷ್ಟು ಜನ ಏಕೆ ಎಂದು ನನ್ನನ್ನು ಕೇಳಿದರು. ವಿದ್ಯಾರ್ಥಿಗಳ ಮೇಲೆ ಕಣ್ಣಿಡುವುದು ನನ್ನ ಕೆಲಸ, ಆದ್ದರಿಂದ ಬಂದೆನು ಎಂದೆನು. ದೋಣಿ ಸಣ್ಣದು, ಹುಡುಗಿ ಒಬ್ಬಳೇ ಕೂಡಲಿ, ಎರಡು ತಾಸಿನಲ್ಲಿ ತಿರುಗಿ ಬರುತ್ತಾಳೆ ಎಂದರು. ಅಲಕಾ ತಲೆಯ ಮೇಲೆ ಸೆರಗು ಹೊದ್ದು ಸತ್ಯವ್ವನ ಹಿಂದೆ ನಿಂತಿದ್ದಳು. ಅವಳು ಮುಂದೆ ಬಂದಳು. ಸತ್ಯವ್ವನೂ ಕೈ ಬಿಡದೆ ಜೊತೆಗೆ ಬಂದಳು. ಅಲಕಾ ಆ ಗೃಹಸ್ಥರಿಗೆ ಬಗ್ಗಿ ನಮಸ್ಕಾರ ಮಾಡಿದಳು.

"ಮಾಮಾ, ನೀವು ಮೊದಲ ಕೂಡ್ರಿ," ಎಂದಳು. "ನಿಮ್ಮ ಹಿಂದ ನಾ ಕೂಡ್ತೀನಿ."

ತಮ್ಮನ್ನು ಮಾಮಾ ಎಂದು ಏಕೆ ಕರೆದೆ ಎಂದು ಆ ಗೃಹಸ್ಥರು ಕೇಳಲಿಲ್ಲ. ದೋಣಿಯಿಂದ ಒಂದು ಹೆಜ್ಜೆ ಹಿಂದೆ ಸರಿದು, "ನನಗ ಹೊಳಿ ಆಗಿಬರೂದಿಲ್ಲ," ಎಂದರು.

ನಾನು ಯಮನಪ್ಪನಿಗೆ ದೋಣಿ ನೋಡಲು ಹೇಳಿದೆನು. ಅವನು ಹಗ್ಗ ಹಿಡಿದು, ಒಂದು ಕಾಲನ್ನು ದಂಡೆಯ ಮೇಲೆಯೇ ಇಟ್ಟು, ಇನ್ನೊಂದು ಕಾಲಿನ ಹಿಮ್ಮಡದಿಂದ ದೋಣಿಯ ತಳವನ್ನು ಒದೆದನು. ನಡುವೆ ಒಂದು ಗೇಣು ಅಗಲದ ಜಾಗದಲ್ಲಿ ಡಾಂಬರು ಹಸಿಯಾಗಿತ್ತು. ಎರಡನೆಯ ಏಟಿಗೆ ಡಾಂಬರು, ಅದರ ಕೆಳಗಿನ ಗೋಣಿಚೀಲ ಎರಡೂ ಕಿತ್ತುಹೋಗಿ ನೀರು ಬುಗ್ಗೆಯಂತೆ ಮೇಲೆ ಬಂತು. ಕೆಳಗೆ ಹಲಗೆ ಇರಲಿಲ್ಲ. ಗರಗಸದಿಂದ ಕೊಯ್ದು ತೆಗೆದಿದ್ದ ಅಂಚು ಬಿಳಿಯಾಗಿ ಕಾಣುತ್ತಿತ್ತು. ನಾವು ನೋಡುನೋಡುತ್ತಿದ್ದಂತೆಯೇ ದೋಣಿ ದಂಡೆಯ ಹತ್ತಿರವೇ ಕುಳಿತುಬಿಟ್ಟಿತು.

ಹುಟ್ಟು ಹಿಡಿದವರಿಬ್ಬರೂ ಹೊಳೆಗೆ ಹಾರಿ ಬೆಳಗಾವಿ ಜಿಲ್ಲೆಯ ಕಡೆಗೆ ಈಸುತ್ತ ಹೋದರು. ಒಬ್ಬನ ಬುರುಡೆಯ ಹಗ್ಗ ಯಮನಪ್ಪನ ಕೈಗೆ ಸಿಕ್ಕು ಹರಿಯಿತು. ಆ ಬುರುಡೆಯನ್ನು ಠಾಣೆಗೆ ಒಪ್ಪಿಸಿದ್ದೇನೆ. ಆ ಗೃಹಸ್ಥರು ಮುಳುಗಿದ ದೋಣಿಯನ್ನು ನೋಡಿ, ಹಳೆಯ ದೋಣಿ, ತಮಗೆ ಗೊತ್ತಿರಲಿಲ್ಲ ಎಂದರು. ಯಮನಪ್ಪ ತಡೆಯಲು ಹೋದನು. ಅವರು ಛತ್ರಿಯನ್ನು ಕಂಕುಳಿಗೆ ಸೇರಿಸಿ, ಸರಕಾರಿ ನೌಕರನ ಮೈಮೇಲೆ ಕೈ ಹಾಕಿದರೆ ಏನಾಗುತ್ತದೆ ಗೊತ್ತೇ ಎಂದು ಮೆಲ್ಲಗೆ ಹೇಳಿದರು. ಯಮನಪ್ಪ ಬಡವ. ಸುಳ್ಳೆಂದು ಗೊತ್ತಿದ್ದರೂ ಅವನ ಕೈ ನಿಂತಿತು. ಮೋಟಾರು ಮುಧೋಳದ ಕಡೆಗೆ ಹೋಯಿತು.

ತಿರುಗಿ ಬರುವಾಗ ಚಕ್ಕಡಿಯಲ್ಲಿ ಸತ್ಯವ್ವ ಅಲಕಾಳ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಗೋಣಿಚೀಲ ಹೊದಿಸಿದಳು. ಅದೇ ಸಂಜೆ ನಾನು ಠಾಣೆಗೆ ಬಂದು ಬಾಯಿಮಾತಿನಲ್ಲಿ ಎಲ್ಲ ತಿಳಿಸಿದೆನು. ಮರುದಿನ ದೋಣಿಯ ಪಂಚನಾಮೆ ಆಗಿದೆ. ಇಂದಿರಾಬಾಯಿಯವರನ್ನು ಜಮಖಂಡಿಯಿಂದ ಕರೆಸಿಕೊಂಡು, ತಾಯಿ ಮಗಳಿಬ್ಬರನ್ನೂ ನಮ್ಮ ಮನೆಯ ಮಗ್ಗದ ಪಡಸಾಲೆಯಲ್ಲಿ ಇರಿಸಿಕೊಂಡಿದ್ದೇವೆ.

ಈ ಜಬಾಬನ್ನು ಇಂದು ಬರೆಯಿಸಲು ಕಾರಣವೇನೆಂದರೆ, ನಿನ್ನೆ ಮಂಗಳವಾರ ಮಧ್ಯಾಹ್ನ ನೂಲಿನ ವ್ಯಾಪಾರಿ ವಿಠೋಬಾ ಸಂಘಕ್ಕೆ ಬಂದಿದ್ದನು. ಅವನು ರವಿವಾರ ಮುಧೋಳದಲ್ಲಿದ್ದನು. ತ್ರಿಂಬಕರಾವರ ಮನೆಗೆ ಸೀರೆ ಹಾಕುವ ರೂಢಿ ಅವನದು. ಅಂದು ಬೆಳಿಗ್ಗೆ ಹತ್ತು ಗಂಟೆಗೆ ಅವರ ಮನೆಗೆ ಹೋದಾಗ, ಗಂಡಸರೆಲ್ಲ ತಲೆಗೆ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಪಡಸಾಲೆಯಲ್ಲಿ ಕೂತಿದ್ದರು. ಒಲೆ ಹೊತ್ತಿಸಿರಲಿಲ್ಲ. ಏನೆಂದು ಕೇಳಿದ್ದಕ್ಕೆ, ಜಮಖಂಡಿಯ ಸೊಸೆ ಸರಕಾರದ ಕೆಲಸದ ಮೇಲೆ ಹೋದವಳು ಹಿಪ್ಪರಗಿಯಲ್ಲಿ ದೋಣಿ ಮುಳುಗಿ ಕೃಷ್ಣೆಯಲ್ಲಿ ಹೋದಳು, ದೇಹ ಸಿಕ್ಕಿಲ್ಲ, ಸೂತಕ ಬಂದಿದೆ ಎಂದು ತ್ರಿಂಬಕರಾವರೇ ಹೇಳಿದರು. ವಿಠೋಬಾ ಸೀರೆಯ ಗಂಟು ಬಿಚ್ಚದೆ ಎದ್ದು ಬಂದನು. ಮನೆಯಲ್ಲಿ ಗಡಿಯಾರ ಹತ್ತು ಹೊಡೆದದ್ದು ತನಗೆ ಚೆನ್ನಾಗಿ ನೆನಪಿದೆ ಎನ್ನುತ್ತಾನೆ. ಸಾಕ್ಷಿಗೆ ಬರಲು ಅವನು ತಯಾರಿದ್ದಾನೆ.

ಹತ್ತು ಗಂಟೆಗೆ ನಮ್ಮ ಚಕ್ಕಡಿ ಹೊಳೆಯನ್ನು ಇನ್ನೂ ಮುಟ್ಟಿರಲಿಲ್ಲ. ಮುಧೋಳದಲ್ಲಿ ಆಕೆಯ ಹೆಸರಿನಲ್ಲಿ ಸ್ನಾನವಾಗುವ ಹೊತ್ತಿಗೆ ಆಕೆ ಇಪ್ಪತ್ತು ಮೈಲಿ ದೂರದ ಬಾವಿಯ ಕಟ್ಟೆಯ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದಳು.

ವಿಠೋಬಾ ಇದನ್ನು ಹೇಳುವಾಗ ಅಲಕಾ ಒಳಗಿನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ನಾವು ಯಾರೂ ನೋಡಿರಲಿಲ್ಲ. "ಅಲ್ಲಿ ಯಾರಾದ್ರೂ ಅಳ್ತಿದ್ರೇನ್ರಿ?" ಎಂದು ಅವಳು ಕೇಳಿದಳು. ವಿಠೋಬಾ ಅವಳನ್ನು ಮೊದಲ ಸಲ ನೋಡಿದ್ದು. ಯಾರೆಂದು ತಿಳಿದು ಅವನು ಕೂತಲ್ಲಿಂದ ಎದ್ದು ನಿಂತನು. ಅತ್ತೆ ತುಳಸಾಬಾಯಿಯವರು ನಡುಮನೆಯಲ್ಲಿ ಗೋಡೆಗೆ ತಲೆ ಹಚ್ಚಿ ಅಳುತ್ತಿದ್ದರು, ಅದು ಖರೆ ಅಳು ಇದ್ದಂತೆ ಕೇಳಿತು, ಅವರಿಗೆ ಏನೂ ಗೊತ್ತಿರಲಿಕ್ಕಿಲ್ಲ ಎಂದು ಹೇಳಿದನು. ಅಲಕಾ ತಲೆಯಾಡಿಸಿ ಒಳಗೆ ಹೋದಳು. ಹೋಗಿ ನಕ್ಷೆಯ ಮುಂದೆ ಕೂತಳು, ಆದರೆ ಕತ್ತಲಾಗುವ ತನಕ ಒಂದು ಚೌಕವನ್ನೂ ತುಂಬಲಿಲ್ಲ.

ವಿಠೋಬಾನಿಗೆ ತಿಳಿದುಬಂದಂತೆ, ದೇಹ ಸಿಗದ ಕಾರಣ ಮುತ್ತಲ ಎಲೆಯಲ್ಲಿ ಆಕೆಯ ಆಕಾರ ಮಾಡಿ ಅದೇ ರವಿವಾರ ಸಂಜೆ ಘಟಪ್ರಭೆಯ ದಂಡೆಯಲ್ಲಿ ದಹನ ಮಾಡಿದ್ದಾರೆ. ಅಷ್ಟು ಹೊತ್ತಿಗೆ ವಾಸುದೇವರಾವ ಹಿಪ್ಪರಗಿಯಿಂದ ಮುಧೋಳಕ್ಕೆ ಮುಟ್ಟಿದ್ದರು. ದೋಣಿ ಮುಳುಗಿದ್ದೂ ಹುಡುಗಿ ಮುಳುಗದೆ ಉಳಿದದ್ದೂ ಅವರಿಗೆ ಗೊತ್ತಿತ್ತು. ಆದರೂ ಬೆಂಕಿ ಇಟ್ಟರು. ಊರ ಜನರೆಲ್ಲ ನೋಡಿದ್ದಾರೆ. ಪುಣೆಗೆ ತಾರು ಹೋಗಿದೆ. ಇನ್ನು ಆ ಮನೆಯವರು ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಆಕೆ ಬದುಕಿದ್ದಾಳೆಂದು ಒಬ್ಬರಿಗೆ ತಿಳಿದರೂ ಅವರೆಲ್ಲ ಸುಳ್ಳರಾಗುತ್ತಾರೆ. ಅವರ ಮಾತು ಖರೆಯಾಗಬೇಕಾದರೆ ಒಂದೇ ದಾರಿ ಇದೆ.

ಇಂದು ಬೆಳಿಗ್ಗೆ ಸತ್ಯವ್ವ ಅಂಗಳಕ್ಕೆ ನೀರು ಹಾಕಲು ಬಾಗಿಲು ತೆಗೆದಾಗ ನಮ್ಮ ಓಣಿಯ ಬಾಯಿಯಲ್ಲಿ ಕರೀ ಮೋಟಾರು ನಿಂತಿತ್ತು. ಒಳಗೆ ಇದ್ದವರು ಇಳಿಯಲಿಲ್ಲ. ಆಕೆ ನನ್ನನ್ನು ಕರೆಯುವಷ್ಟರಲ್ಲಿ ಹೋಯಿತು.

ಸದರ ಅಲಕಾಳಿಗೆ ನಾನು ಬಂಧುವಲ್ಲ, ಬಳಗದವನಲ್ಲ. ಮಧ್ಯಾಹ್ನ ಮೂರರಿಂದ ಆರರವರೆಗೆ ಆಕೆಯ ಮೇಲ್ವಿಚಾರಕ, ಅಷ್ಟೇ. ಉಳಿದ ತಾಸುಗಳಲ್ಲಿ ಆಕೆಯನ್ನು ಕಾಯಲು ನನಗೆ ಕಾಯದೆಯ ಬಲವಿಲ್ಲ. ಆದ್ದರಿಂದ ಆಕೆಗೂ ತಾಯಿಗೂ ಬಂದೋಬಸ್ತು ಕೊಡಬೇಕೆಂದೂ, ವಾಸುದೇವರಾವ ಹಾಗೂ ತ್ರಿಂಬಕರಾವ ಇವರನ್ನು ಕರೆಸಿ ವಿಚಾರಿಸಬೇಕೆಂದೂ ಬೇಡಿಕೊಳ್ಳುತ್ತೇನೆ.

ಬರೆದುಕೊಂಡದ್ದನ್ನು ಹವಾಲ್ದಾರರು ಕನ್ನಡದಲ್ಲಿ ಓದಿ ಹೇಳಿದರು. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಹೇಳಿದ್ದೇನೆ. ಇದರಲ್ಲಿ ನಾನು ಸೇರಿಸಿದ್ದು ಏನೂ ಇಲ್ಲ, ಮುಚ್ಚಿಟ್ಟದ್ದೂ ಇಲ್ಲ.

ಸ್ಥಳ: ಬನಹಟ್ಟಿ
ತಾರೀಖು: 11-8-1954, ಮಧ್ಯಾಹ್ನ 1 ಗಂಟೆ
ಸಹಿ: ಕಾಶಪ್ಪ ಮಲ್ಲಪ್ಪ ಸಸಾಲಟ್ಟಿ

ಮೇಲಿನ ಜಬಾಬಿನಲ್ಲಿ ಹೆಸರು ಬಂದ ಹುಡುಗಿ ಠಾಣೆಯಲ್ಲಿ ಖುದ್ದಾಗಿ ಹಾಜರಿದ್ದು, ತನ್ನ ಕೈಯಿಂದ ಕೆಳಗೆ ಬರೆದುಕೊಟ್ಟಿದ್ದಾಳೆ:

ಅಲಕಾ ರಘುನಾಥ ಪುರಾಣಿಕ ಎಂಬವಳು ನಾನೇ. ಓದಿದ್ದನ್ನೆಲ್ಲ ಕೇಳಿದ್ದೇನೆ. ನಾನು ಜೀವಂತ ಇದ್ದೇನೆ. ಮುಂದೆ ನನ್ನ ವಿಷಯದಲ್ಲಿ ಬೇರೆ ಏನಾದರೂ ಸುದ್ದಿ ಬಂದರೆ, ಹೊಳೆಯ ಮೇಲೆ ಹೊರಿಸಬೇಡಿರಿ.

ಸಹಿ: ಅಲಕಾ